ಜೆಂಟೂ ಮೇಲೆ ಡಾಕರ್: ಮೊದಲು ಕರ್ನಲ್, ಆಮೇಲೆ ಪ್ಯಾಕೇಜ್

ಸಾಫ್ಟ್‌ವೇರನ್ನು ಮೂಲ ಕೋಡ್‌ನಿಂದ ನಾವೇ ಕಟ್ಟಿಕೊಳ್ಳುವ ಜೆಂಟೂ ಲಿನಕ್ಸ್‌ನಲ್ಲಿ, ಪ್ರೋಗ್ರಾಂಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣಗಳಲ್ಲಿ ಓಡಿಸುವ ಡಾಕರ್ ಹಾಕಿಕೊಳ್ಳುವುದು ಹೇಗೆಂದು ಯಾರಾದರೂ ಕೇಳಿದರೆ ನಾನು ಮೊದಲು ವಿಚಾರಿಸುವುದು ವ್ಯವಸ್ಥೆಯ ತಿರುಳಾದ ಕರ್ನಲ್ ಬಗ್ಗೆ. ಅದನ್ನು ನೀವೇ ಮೆನುವಿನಲ್ಲಿ ಒಂದೊಂದೇ ಆಯ್ಕೆ ಗುರುತಿಸಿ ಕಂಪೈಲ್ ಮಾಡಿದ್ದೀರೋ, ಜೆಂಟೂ ತಂಡ ಸಿದ್ಧಪಡಿಸಿ ಕೊಡುವ ಕರ್ನಲ್ ಪ್ಯಾಕೇಜನ್ನು ಹಾಕಿಕೊಂಡಿದ್ದೀರೋ? ಎರಡನೆಯದಾದರೆ ಕೆಲಸ ಬೇಗ ಮುಗಿಯುತ್ತದೆ. ಮೊದಲನೆಯದಾದರೆ ಡಾಕರ್ ಪ್ಯಾಕೇಜಿಗೆ ಕೈ ಹಾಕುವ ಮುನ್ನ ಕರ್ನಲ್ ಸಂರಚನೆಯನ್ನು ತೆರೆದುಕೊಂಡು ಕೂರಬೇಕು.

ಕಾರಣ ಸರಳ. ಲಿನಕ್ಸ್ ಕರ್ನಲ್‌ನಲ್ಲಿ ಕಂಟೇನರ್ ಎಂಬ ಒಂದು ವಸ್ತುವೇ ಇಲ್ಲ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಉದ್ದೇಶಕ್ಕೆ ಸೇರಿಕೊಂಡ ಹಲವು ಸೌಲಭ್ಯಗಳನ್ನು ಒಟ್ಟಿಗೆ ಹೂಡಿದಾಗ ನಾವು ಕಂಟೇನರ್ ಎಂದು ಕರೆಯುವುದು ಮೂಡುತ್ತದೆ. ಮೌಂಟ್ ನೇಮ್‌ಸ್ಪೇಸ್ (ನೇಮ್‌ಸ್ಪೇಸ್ ಎಂದರೆ ಪ್ರಕ್ರಿಯೆಗೆ ವ್ಯವಸ್ಥೆಯ ಪ್ರತ್ಯೇಕ ನೋಟ ಕೊಡುವ ಸೌಲಭ್ಯ) ಬಂದದ್ದು 2002ರಲ್ಲಿ, 2.4.19 ಆವೃತ್ತಿಯಲ್ಲಿ. ಮೆಮೊರಿ, ಸಿಪಿಯುಗಳಿಗೆ ಮಿತಿ ಹಾಕುವ ಸಿಗ್ರೂಪ್ (ಕಂಟ್ರೋಲ್ ಗ್ರೂಪ್) ಸೇರಿದ್ದು 2008ರಲ್ಲಿ, 2.6.24ರಲ್ಲಿ. ಯೂಸರ್ ನೇಮ್‌ಸ್ಪೇಸ್ ಬಳಸುವ ಮಟ್ಟಕ್ಕೆ ಬಂದದ್ದು 2013ರ 3.8ರಲ್ಲಿ, ಹಲವು ಪದರಗಳನ್ನು ಒಂದಾಗಿ ತೋರಿಸುವ ಓವರ್‌ಲೇ ಫೈಲ್ ವ್ಯವಸ್ಥೆ 2014ರ 3.18ರಲ್ಲಿ. ಇವುಗಳ ಮೇಲೆ ಕುಳಿತು ಕೆಲಸ ಮಾಡಿಸುವ ಸಾಧನ ಡಾಕರ್, ಅಷ್ಟೇ. ಸಿದ್ಧ ಬೈನರಿಗಳನ್ನು ಹಂಚುವ ವಿತರಣೆಗಳಲ್ಲಿ ಇವೆಲ್ಲ ಆಗಲೇ ಕರ್ನಲ್‌ನಲ್ಲಿ ಇರುತ್ತವೆ, ಆದ್ದರಿಂದ ಬಳಕೆದಾರನ ಕಣ್ಣಿಗೆ ಬೀಳುವುದಿಲ್ಲ. ಜೆಂಟೂನಲ್ಲಿ ನೀವು ಬೇಡವೆಂದು ಬಿಟ್ಟದ್ದು ನಿಜವಾಗಿಯೂ ಇರುವುದಿಲ್ಲ. ಈ ಪ್ರಾಮಾಣಿಕತೆಗಾಗಿಯೇ ನನಗೆ ಜೆಂಟೂ ಇಷ್ಟ.

ಒಂದು ಸೂಚನೆ: ಇಲ್ಲಿ ಆಜ್ಞೆಗಳನ್ನೂ ಫೈಲ್‌ಗಳ ಹಾದಿಯನ್ನೂ ಓದಲು ಅನುಕೂಲವಾಗಲೆಂದು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಎಂದಿನಂತೆ ರೋಮನ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಕರ್ನಲ್‌ನಲ್ಲಿ ಬೇಕಾದದ್ದು

ಜೆಂಟೂ-ಕರ್ನಲ್ ಅಥವಾ ಜೆಂಟೂ-ಕರ್ನಲ್-ಬಿನ್ ಪ್ಯಾಕೇಜ್ ಬಳಸುವವರು ಈ ಭಾಗವನ್ನು ಓದಿಕೊಂಡು ಮುಂದೆ ಸಾಗಬಹುದು. ಅವುಗಳ ಸಂರಚನೆ ಫೆಡೋರಾದ್ದನ್ನು ಆಧರಿಸಿದೆ, ಕಂಟೇನರ್‌ಗೆ ಬೇಕಾದವು ಬಹುತೇಕ ಮಾಡ್ಯೂಲ್‌ಗಳಾಗಿ (ಬೇಕಾದಾಗ ಲೋಡ್ ಆಗುವ ತುಣುಕುಗಳಾಗಿ) ಒಳಗಿರುತ್ತವೆ. ಜೆಂಟೂ-ಕರ್ನಲ್‌ನಲ್ಲಿ ಒಂದೆರಡು ಆಯ್ಕೆ ಬದಲಿಸಬೇಕೆನಿಸಿದರೆ ಇಡೀ ಸಂರಚನೆಯನ್ನು ಕೈಗೆತ್ತಿಕೊಳ್ಳುವ ಅಗತ್ಯವಿಲ್ಲ. /ಈಟಿಸಿ/ಕರ್ನಲ್/ಕಾನ್ಫಿಗ್.ಡಿ ಡೈರೆಕ್ಟರಿಯಲ್ಲಿ .ಕಾನ್ಫಿಗ್ ಎಂದು ಕೊನೆಯಾಗುವ ಚಿಕ್ಕ ಫೈಲ್ ಇಟ್ಟು, ಆಯ್ಕೆಗಳನ್ನು ಸಾಲಿಗೊಂದರಂತೆ ಬರೆದು, ಪ್ಯಾಕೇಜನ್ನು ಮತ್ತೊಮ್ಮೆ ಎಮರ್ಜ್ (ಪ್ಯಾಕೇಜ್ ಹಾಕುವ ಜೆಂಟೂ ಆಜ್ಞೆ) ಮಾಡಿದರೆ ಸಾಕು. ಬಿನ್ ಪ್ಯಾಕೇಜ್ ಮೊದಲೇ ಕಂಪೈಲ್ ಆಗಿ ಬರುವುದರಿಂದ ಅದಕ್ಕೆ ಇದು ಅನ್ವಯಿಸುವುದಿಲ್ಲ.

ಕೈಯಾರೆ ಕಟ್ಟುವವರು /ಯುಎಸ್‌ಆರ್/ಎಸ್‌ಆರ್‌ಸಿ/ಲಿನಕ್ಸ್‌ಗೆ ಹೋಗಿ ಮೇಕ್ ಮೆನುಕಾನ್ಫಿಗ್ ತೆರೆಯಿರಿ. ಅದಕ್ಕೂ ಮೊದಲು ಇಸೆಲೆಕ್ಟ್ ಕರ್ನಲ್ ಲಿಸ್ಟ್ ಕೊಟ್ಟು ಆ ಕೊಂಡಿ ಸರಿಯಾದ ಆವೃತ್ತಿಯನ್ನೇ ತೋರಿಸುತ್ತಿದೆಯೇ ಎಂದು ನೋಡಿಕೊಳ್ಳಿ. ಮೆನುವಿನಲ್ಲಿ ಅಲೆದಾಡುವ ಬದಲು ಓರೆಗೆರೆ ಕೀಲಿ ಒತ್ತಿ ಆಯ್ಕೆಯ ಹೆಸರನ್ನು ಹುಡುಕುವುದು ನನ್ನ ಪದ್ಧತಿ. ಅದು ಆಯ್ಕೆ ಎಲ್ಲಿದೆ ಎಂಬುದನ್ನಷ್ಟೇ ಅಲ್ಲ, ಯಾವ ಯಾವ ಆಯ್ಕೆಗಳನ್ನು ಅವಲಂಬಿಸಿದೆ ಎಂಬುದನ್ನೂ ತೋರಿಸುತ್ತದೆ.

ನೇಮ್‌ಸ್ಪೇಸ್‌ಗಳು ಜನರಲ್ ಸೆಟಪ್ ಅಡಿಯಲ್ಲಿವೆ: ಯುಟಿಎಸ್, ಐಪಿಸಿ, ಪಿಐಡಿ, ನೆಟ್‌ವರ್ಕ್, ಯೂಸರ್. ಐದನ್ನೂ ಆರಿಸಿ. ಅಲ್ಲೇ ಇರುವ ಕಂಟ್ರೋಲ್ ಗ್ರೂಪ್ ವಿಭಾಗದಲ್ಲಿ ಮೆಮೊರಿ, ಸಿಪಿಯು, ಸಿಪಿಯುಸೆಟ್, ಪಿಐಡಿ, ಡಿವೈಸ್, ಫ್ರೀಜರ್ ಬೇಕು. ಕಂಟೇನರ್‌ಗೆ ಇಷ್ಟೇ ಸಿಪಿಯು ಸಿಗಲಿ ಎಂದು ಮಿತಿ ಹಾಕುವ ಯೋಚನೆ ಇದ್ದರೆ ಸಿಎಫ್‌ಎಸ್ ಬ್ಯಾಂಡ್‌ವಿಡ್ತ್ ಎಂಬುದನ್ನೂ ಆರಿಸಿ. ಸಿಗ್ರೂಪ್‌ನ ಎರಡನೇ ಆವೃತ್ತಿಯಲ್ಲಿ ಕಂಟೇನರ್ ಯಾವ ಯಾವ ಸಾಧನಗಳನ್ನು ಮುಟ್ಟಬಹುದು ಎಂಬ ನಿಯಂತ್ರಣ ನಡೆಯುವುದು ಬಿಪಿಎಫ್ (ಕರ್ನಲ್ ಒಳಗೆ ಓಡುವ ಪುಟ್ಟ ಪ್ರೋಗ್ರಾಂಗಳು) ಮೂಲಕ, ಆದ್ದರಿಂದ ಸಿಗ್ರೂಪ್ ಬಿಪಿಎಫ್ ಆಯ್ಕೆಯನ್ನು ಬಿಡಬೇಡಿ. ನೇಮ್‌ಸ್ಪೇಸ್‌ಗಳಿಗೂ ಸಿಗ್ರೂಪ್‌ಗೂ ಮಾಡ್ಯೂಲ್ ಎಂಬ ಮಾತಿಲ್ಲ, ಕರ್ನಲ್ ಒಳಗೇ ಇರಬೇಕು.

ಫೈಲ್ ವ್ಯವಸ್ಥೆಗಳ ವಿಭಾಗದಲ್ಲಿ ಓವರ್‌ಲೇ ಆರಿಸಿ. ಇದು ಮಾಡ್ಯೂಲ್ ಆಗಿದ್ದರೂ ತೊಂದರೆಯಿಲ್ಲ. ಡಾಕರ್ ತನ್ನ ಇಮೇಜ್‌ಗಳನ್ನು (ಕಂಟೇನರ್‌ಗಳ ಸಿದ್ಧ ಅಚ್ಚುಗಳನ್ನು) ಇಡುವ ಡಿಸ್ಕ್ ಭಾಗ ಎಕ್ಸ್‌ಎಫ್‌ಎಸ್ ಆಗಿದ್ದರೆ ಅದು ಎಫ್‌ಟೈಪ್=1 ಎಂಬ ಗುಣದೊಂದಿಗೆ ಫಾರ್ಮ್ಯಾಟ್ ಆಗಿರಬೇಕು; ಎಕ್ಸ್‌ಎಫ್‌ಎಸ್-ಇನ್ಫೋ ಆಜ್ಞೆ ಅದನ್ನು ತೋರಿಸುತ್ತದೆ. ಹಳೆಯ ಎಕ್ಸ್‌ಎಫ್‌ಎಸ್ ಭಾಗಗಳಲ್ಲಿ ಇದು ಸೊನ್ನೆ ಇದ್ದರೆ ಮತ್ತೆ ಫಾರ್ಮ್ಯಾಟ್ ಮಾಡುವುದೊಂದೇ ದಾರಿ.

ಇನ್ನು ನೆಟ್‌ವರ್ಕ್. ಜನ ಹೆಚ್ಚಾಗಿ ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನಿಸುತ್ತೇನೆ. ಡಾಕರ್ ಶುರುವಾದ ಕೂಡಲೇ ಡಾಕರ್0 ಎಂಬ ಸೇತುವೆಯನ್ನು ಹುಟ್ಟಿಸುತ್ತದೆ. ಬೇರೆ ಹೇಳದಿದ್ದರೆ ಅದಕ್ಕೆ 172.17.0.0/16 ವಿಳಾಸಗಳ ವಲಯ. ಪ್ರತಿ ಕಂಟೇನರ್‌ಗೂ ಒಂದು ವೆತ್ (ವರ್ಚುವಲ್ ಈಥರ್ನೆಟ್) ಜೋಡಿ: ಒಂದು ತುದಿ ಕಂಟೇನರ್ ಒಳಗೆ, ಇನ್ನೊಂದು ತುದಿ ಈ ಸೇತುವೆಗೆ. ಹೊರಗೆ ಹೋಗುವ ಪ್ಯಾಕೆಟ್‌ಗಳ ಮೂಲ ವಿಳಾಸವನ್ನು ಬದಲಿಸುವ ಕೆಲಸ ಕರ್ನಲ್‌ನ ಪ್ಯಾಕೆಟ್ ಸೋಸುವ ಭಾಗವಾದ ನೆಟ್‌ಫಿಲ್ಟರ್‌ನ ಮಾಸ್ಕರೇಡ್‌ನದು. ಆದ್ದರಿಂದ ಸಾಧನಗಳ ವಿಭಾಗದಲ್ಲಿ ವರ್ಚುವಲ್ ಈಥರ್ನೆಟ್ ಜೋಡಿ, ನೆಟ್‌ವರ್ಕ್ ವಿಭಾಗದಲ್ಲಿ ಈಥರ್ನೆಟ್ ಬ್ರಿಡ್ಜ್, ಬ್ರಿಡ್ಜ್ ನೆಟ್‌ಫಿಲ್ಟರ್, ಐಪಿ ನ್ಯಾಟ್, ಮಾಸ್ಕರೇಡ್, ಕಾನ್‌ಟ್ರ್ಯಾಕ್ ಮ್ಯಾಚ್, ಅಡ್ರ್‌ಟೈಪ್ ಮ್ಯಾಚ್ ಇವಿಷ್ಟೂ ಬೇಕು.

ಕೊನೆಯ ಅಡ್ರ್‌ಟೈಪ್ ಬಗ್ಗೆ ಒಂದು ಮಾತು. ಮೆನುವಿನಲ್ಲಿ ಎಷ್ಟು ಹುಡುಕಿದರೂ ಅದು ಕಾಣಿಸುವುದಿಲ್ಲ ಎನ್ನುವವರಿದ್ದಾರೆ. ನೆಟ್‌ಫಿಲ್ಟರ್ ವಿಭಾಗದ ಮೇಲ್ಭಾಗದಲ್ಲಿ ಅಡ್ವಾನ್ಸ್ಡ್ ನೆಟ್‌ಫಿಲ್ಟರ್ ಸಂರಚನೆ ಎಂಬ ಸಾಲಿದೆ. ಅದನ್ನು ಆರಿಸದ ಹೊರತು ಬ್ರಿಡ್ಜ್ ನೆಟ್‌ಫಿಲ್ಟರ್ ಪಟ್ಟಿಯಲ್ಲೇ ಬರುವುದಿಲ್ಲ, ಕರ್ನಲ್ ಆವೃತ್ತಿಯನ್ನು ಅವಲಂಬಿಸಿ ಅಡ್ರ್‌ಟೈಪ್ ಕೂಡ ಬರದಿರಬಹುದು. ಇದನ್ನು ಬಿಟ್ಟು ಮುಂದೆ ಹೋದರೆ ಡಾಕರ್ ಸೇವೆ ಏಳುವಾಗಲೇ ಕುಸಿಯುತ್ತದೆ. ನೆಟ್‌ಫಿಲ್ಟರ್ ನಿಯಮ ಬರೆಯುವ ಐಪಿಟೇಬಲ್ಸ್ ಆಜ್ಞೆ ವಿಫಲವಾಯಿತು, ಆ ಹೆಸರಿನ ಚೈನ್ ಅಥವಾ ಟಾರ್ಗೆಟ್ ಅಥವಾ ಮ್ಯಾಚ್ ಇಲ್ಲ ಎಂಬ ಅರ್ಥದ ಸಾಲು ಲಾಗ್‌ನಲ್ಲಿ ಬೀಳುತ್ತದೆ. ಆ ಸಾಲನ್ನು ಪೂರ್ತಿ ಓದಿ. ಯಾವ ನಿಯಮ ಸೇರಿಸಲು ಹೊರಟಾಗ ಸೋತಿತು ಎಂಬುದು ಅದರಲ್ಲೇ ಬರೆದಿರುತ್ತದೆ, ಆ ನಿಯಮದಲ್ಲಿ ಬರುವ ಮ್ಯಾಚ್ ಹೆಸರೇ ನೀವು ಕರ್ನಲ್‌ನಲ್ಲಿ ಹುಡುಕಬೇಕಾದ ಹೆಸರು.

ಐಪಿಟೇಬಲ್ಸ್‌ಗೆ ಈಗ ಎರಡು ಹಿಂಬದಿಗಳಿವೆ, ಹಳೆಯ ಲೆಗಸಿ ಒಂದು, ಎನ್‌ಎಫ್‌ಟೇಬಲ್ಸ್ ಇನ್ನೊಂದು. ಯಾವುದು ಚಾಲ್ತಿಯಲ್ಲಿದೆ ಎಂಬುದನ್ನು ಇಸೆಲೆಕ್ಟ್ ಐಪಿಟೇಬಲ್ಸ್ ಹೇಳುತ್ತದೆ. ಎನ್‌ಎಫ್‌ಟೇಬಲ್ಸ್ ಆರಿಸಿದ್ದರೆ ಕರ್ನಲ್‌ನಲ್ಲಿ ಎನ್‌ಎಫ್‌ಟಿ ಕಂಪ್ಯಾಟ್ ಇರಬೇಕು. ಒಂದನ್ನು ಆರಿಸಿ ಇನ್ನೊಂದಕ್ಕೆ ಕರ್ನಲ್ ಕಟ್ಟಿದರೆ ಫಲವಿಲ್ಲ.

ಆಯ್ಕೆಗಳು ಮುಗಿದ ಮೇಲೆ ಮೇಕ್, ಮೇಕ್ ಮಾಡ್ಯೂಲ್ಸ್-ಇನ್‌ಸ್ಟಾಲ್, ಮೇಕ್ ಇನ್‌ಸ್ಟಾಲ್, ಬೂಟ್ ಲೋಡರ್ ಪಟ್ಟಿಯ ನವೀಕರಣ, ರೀಬೂಟ್. ಇದು ನಿಮಗೆ ಗೊತ್ತಿರುವ ದಾರಿಯೇ.

ಎರಡು ತಪಾಸಣೆ, ಎರಡು ಬೇರೆ ಕರ್ನಲ್

ಡಾಕರ್ ಪ್ಯಾಕೇಜ್ ಹಾಕುವಾಗ ಜೆಂಟೂನ ಪ್ಯಾಕೇಜ್ ವ್ಯವಸ್ಥೆಯಾದ ಪೋರ್ಟೇಜ್ ಕರ್ನಲ್ ಸಂರಚನೆಯನ್ನು ಪರೀಕ್ಷಿಸಿ, ಇಲ್ಲದ ಆಯ್ಕೆಗಳನ್ನು ಎಚ್ಚರಿಕೆಯಾಗಿ ಸಾಲುಸಾಲಾಗಿ ಮುದ್ರಿಸುತ್ತದೆ. ಅದು ಕೆಲಸವನ್ನು ನಿಲ್ಲಿಸುವುದಿಲ್ಲ, ಹೇಳಿ ಮುಂದೆ ಹೋಗುತ್ತದೆ. ಬಹಳ ಮಂದಿ ಅದನ್ನು ಓದದೆ ಬಿಡುತ್ತಾರೆ, ಇದು ನನಗೆ ನಿಜಕ್ಕೂ ಬೇಸರ ತರಿಸುವ ಸಂಗತಿ. ಪ್ಯಾಕೇಜ್ ಸಿದ್ಧಪಡಿಸಿದವರು ಒಂದೊಂದು ಆಯ್ಕೆಯನ್ನೂ ಯೋಚಿಸಿ ಆ ಪಟ್ಟಿಯನ್ನು ಬರೆದಿದ್ದಾರೆ, ಅದಕ್ಕಿಂತ ಒಳ್ಳೆಯ ಮಾರ್ಗದರ್ಶಿ ನಿಮಗೆ ಸಿಗಲಿಕ್ಕಿಲ್ಲ.

ಆದರೆ ಆ ತಪಾಸಣೆ ನೋಡುವುದು ಯಾವ ಕರ್ನಲ್ ಅನ್ನು ಎಂದು ತಿಳಿದಿರಬೇಕು. ಪೋರ್ಟೇಜ್ ಮೊದಲು ಓದುವುದು /ಯುಎಸ್‌ಆರ್/ಎಸ್‌ಆರ್‌ಸಿ/ಲಿನಕ್ಸ್‌ನಲ್ಲಿರುವ ಸಂರಚನಾ ಫೈಲನ್ನು. ನೀವು ಮೆನುವಿನಲ್ಲಿ ಆಯ್ಕೆ ಬದಲಿಸಿ ಉಳಿಸಿದ ಮಾತ್ರಕ್ಕೆ, ಕಂಪೈಲ್ ಮಾಡದಿದ್ದರೂ ರೀಬೂಟ್ ಆಗದಿದ್ದರೂ, ಅದು ಸುಮ್ಮನಾಗುತ್ತದೆ. ಈಗ ಓಡುತ್ತಿರುವ ಕರ್ನಲ್ ಹಾಗೇ ಇರುತ್ತದೆ. ಓಡುತ್ತಿರುವುದನ್ನು ಪರೀಕ್ಷಿಸಲು ಡಾಕರ್ ಜೊತೆಗೇ ಬರುವ ಚೆಕ್-ಕಾನ್ಫಿಗ್.ಎಸ್‌ಎಚ್ ಎಂಬ ಸ್ಕ್ರಿಪ್ಟ್ ಇದೆ. ಪ್ಯಾಕೇಜ್ ಹಾಕಿದ ಮೇಲೆ /ಯುಎಸ್‌ಆರ್/ಶೇರ್/ಡಾಕರ್/ಕಾಂಟ್ರಿಬ್ ಡೈರೆಕ್ಟರಿಯಲ್ಲಿ ಸಿಗುತ್ತದೆ. ಅದು ಮೊದಲು ತೆರೆಯುವುದು /ಪ್ರಾಕ್/ಕಾನ್ಫಿಗ್.ಜಿಜೆಡ್ ಫೈಲನ್ನು. ಆ ಫೈಲ್ ಇರಬೇಕಾದರೆ ಕರ್ನಲ್‌ನಲ್ಲಿ ಐಕೆಕಾನ್ಫಿಗ್ ಪ್ರಾಕ್ ಆಯ್ಕೆ ಇರಬೇಕು, ಅದನ್ನೂ ಇದೇ ಸುತ್ತಿನಲ್ಲಿ ಸೇರಿಸಿಬಿಡಿ. ಸ್ಕ್ರಿಪ್ಟ್‌ನ ಉತ್ತರ ಎರಡು ಭಾಗದಲ್ಲಿ ಬರುತ್ತದೆ. ಅತ್ಯಗತ್ಯವೆಂದು ಪಟ್ಟಿ ಮಾಡಿದ ಭಾಗದಲ್ಲಿ ಒಂದೂ ಕೊರತೆ ಇರಕೂಡದು. ಐಚ್ಛಿಕ ಭಾಗದಲ್ಲಿ ಕೊರತೆ ಕಂಡರೆ ಗಾಬರಿ ಬೇಡ. ನೀವು ಬಳಸದ ಫೈಲ್ ವ್ಯವಸ್ಥೆಗಳು, ಬಳಸದ ನೆಟ್‌ವರ್ಕ್ ಬಗೆಗಳು ಅಲ್ಲಿರುತ್ತವೆ.

ಪ್ಯಾಕೇಜ್

ಈಗ ಹಾದಿ ಸಲೀಸು. ಡಾಕರ್ ಇರುವುದು ಆ್ಯಪ್-ಕಂಟೇನರ್ಸ್ ವಿಭಾಗದಲ್ಲಿ. ಹಳೆಯ ಬರಹಗಳಲ್ಲಿ ಆ್ಯಪ್-ಎಮ್ಯುಲೇಷನ್ ಎಂದು ಕಂಡರೆ ಅದು ಹಿಂದಿನ ವಿಳಾಸ. ಮೊದಲು ಎಮರ್ಜ್ ಆಜ್ಞೆಗೆ ಪ್ರಿಟೆಂಡ್ ಮತ್ತು ವರ್ಬೋಸ್ ಆಯ್ಕೆ ಕೊಟ್ಟು ಏನೇನು ಬರಲಿದೆ ಎಂದು ನೋಡಿ. ಕಂಟೇನರ್‌ಗಳನ್ನು ನಡೆಸುವ ಕಂಟೇನರ್‌ಡಿ, ರನ್‌ಸಿ ಬರುತ್ತವೆ. ಗೋ ಭಾಷೆಯ ಕಂಪೈಲರ್ ಇಲ್ಲದಿದ್ದರೆ ಅದೂ ಬರುತ್ತದೆ. ಗೋ ಕಂಪೈಲರ್ ಬರೆದಿರುವುದು ಗೋ ಭಾಷೆಯಲ್ಲೇ, ಹೀಗಾಗಿ ಅದನ್ನು ಕಟ್ಟಲು ಪುಟ್ಟದೊಂದು ಸಿದ್ಧ ಬೂಟ್‌ಸ್ಟ್ರ್ಯಾಪ್ ಗೋ ಮೊದಲು ಇಳಿಯುತ್ತದೆ. ಆಜ್ಞೆ ಕೊಡುವ ಡಾಕರ್-ಸಿಎಲ್‌ಐ ಬೇರೆಯೇ ಪ್ಯಾಕೇಜ್, ಪಟ್ಟಿಯಲ್ಲಿ ಕಾಣದಿದ್ದರೆ ಅದರ ಹೆಸರನ್ನೂ ಸೇರಿಸಿ. ಹಲವು ಕಂಟೇನರ್‌ಗಳನ್ನು ಒಟ್ಟಿಗೆ ನಡೆಸುವವರಿಗೆ ಡಾಕರ್-ಕಂಪೋಸ್ ಬೇಕು.

ಯೂಸ್ ಫ್ಲ್ಯಾಗ್‌ಗಳಲ್ಲಿ (ಪ್ಯಾಕೇಜ್ ಕಟ್ಟುವಾಗ ಯಾವ ಸೌಲಭ್ಯ ಸೇರಿಸಬೇಕೆಂದು ಹೇಳುವ ಆಯ್ಕೆಗಳು) ನಾನು ಗಮನಿಸುವುದು ಕೆಲವನ್ನೇ. ಓವರ್‌ಲೇ2 ಇರಲಿ. ಕಂಟೇನರ್-ಇನಿಟ್ ಇದ್ದರೆ ಟಿನಿ ಎಂಬ ಚಿಕ್ಕ ಪ್ರೋಗ್ರಾಂ ಜೊತೆಗೆ ಬರುತ್ತದೆ. ಕಂಟೇನರ್ ಒಳಗೆ ಸತ್ತ ಪ್ರಕ್ರಿಯೆಗಳನ್ನು ತೆರವು ಮಾಡುವುದು, ಸಿಗ್ನಲ್‌ಗಳನ್ನು ತಲುಪಿಸುವುದು ಅದರ ಕೆಲಸ, ಇಟ್ಟುಕೊಳ್ಳುವುದು ಒಳ್ಳೆಯದು. ಬಿಟಿಆರ್‌ಎಫ್‌ಎಸ್ ಬಳಸದವರು ಆ ಫ್ಲ್ಯಾಗನ್ನು ಮುಟ್ಟುವುದು ಬೇಡ. ಇವನ್ನು ಮೇಕ್.ಕಾನ್ಫ್‌ನಲ್ಲಿ ಇಡೀ ವ್ಯವಸ್ಥೆಗೆ ಹಾಕದೆ /ಈಟಿಸಿ/ಪೋರ್ಟೇಜ್/ಪ್ಯಾಕೇಜ್.ಯೂಸ್ ಒಳಗೆ ಡಾಕರ್ ಹೆಸರಿನದೇ ಒಂದು ಫೈಲ್ ಮಾಡಿ ಬರೆಯಿರಿ. ವರ್ಷ ಕಳೆದ ಮೇಲೆ ಯಾವ ಫ್ಲ್ಯಾಗ್ ಯಾವುದಕ್ಕಾಗಿ ಹಾಕಿದ್ದು ಎಂದು ಹುಡುಕುವ ಪಾಡು ತಪ್ಪುತ್ತದೆ.

ಕಂಪೈಲ್ ಆಗುವಾಗ ಮೆಮೊರಿ ಸಾಲದೆ ನಿಂತುಹೋದರೆ ಮೇಕ್‌ಆಪ್ಟ್ಸ್‌ನ ಜೆ ಸಂಖ್ಯೆಯನ್ನು (ಏಕಕಾಲಕ್ಕೆ ನಡೆಯುವ ಕೆಲಸಗಳ ಸಂಖ್ಯೆ) ಇಳಿಸಿ. ಒಂದು ಕೆಲಸಕ್ಕೆ 2 ಜಿಬಿ ಮೆಮೊರಿ ಎಂಬ ಲೆಕ್ಕ ಇಟ್ಟುಕೊಂಡರೆ ಹೆಚ್ಚಾಗಿ ತೊಂದರೆಯಾಗದು. ಜೆಂಟೂ 2023ರ ಡಿಸೆಂಬರ್‌ನಿಂದ ಅಧಿಕೃತವಾಗಿ ಬೈನರಿ ಪ್ಯಾಕೇಜ್‌ಗಳನ್ನೂ ಕೊಡುತ್ತಿದೆ. ಎಮರ್ಜ್‌ಗೆ ಗೆಟ್‌ಬಿನ್‌ಪಿಕೆಜಿ ಆಯ್ಕೆ ಕೊಟ್ಟರೆ, ನಿಮ್ಮ ಫ್ಲ್ಯಾಗ್‌ಗಳಿಗೆ ಹೊಂದುವ ಬೈನರಿ ಇದ್ದಲ್ಲಿ ಅದನ್ನೇ ತರುತ್ತದೆ. ಮೂಲದಿಂದಲೇ ಕಟ್ಟಬೇಕೆಂಬ ಹಟ ಕಂಪೈಲರ್‌ಗಳ ವಿಷಯದಲ್ಲಿ ನನಗಿಲ್ಲ. ಆಯ್ಕೆ ಮಾಡುವಂಥದ್ದು ಇರುವ ಕಡೆ ಕಟ್ಟೋಣ, ಇಲ್ಲದ ಕಡೆ ತರೋಣ.

ಸೇವೆ ಮತ್ತು ಪರೀಕ್ಷೆ

ಸೇವೆಗಳನ್ನು ನಡೆಸಲು ಸಿಸ್ಟಮ್‌ಡಿ ಇರುವವರು ಸಿಸ್ಟಮ್‌ಸಿಟಿಎಲ್ ಎನೇಬಲ್‌ಗೆ ನೌ ಆಯ್ಕೆ ಸೇರಿಸಿ ಡಾಕರ್ ಎಂದರೆ ಮುಗಿಯಿತು. ಓಪನ್‌ಆರ್‌ಸಿ ಇರುವವರು ಮೊದಲು /ಈಟಿಸಿ/ಆರ್‌ಸಿ.ಕಾನ್ಫ್ ತೆರೆದು ಆರ್‌ಸಿ-ಸಿಗ್ರೂಪ್-ಮೋಡ್ ಎಂಬುದು ಯೂನಿಫೈಡ್ ಆಗಿದೆಯೇ ನೋಡಿ, ಬದಲಿಸಿದರೆ ರೀಬೂಟ್ ಮಾಡಿ. ಆಮೇಲೆ ಆರ್‌ಸಿ-ಅಪ್‌ಡೇಟ್ ಆ್ಯಡ್ ಡಾಕರ್ ಡಿಫಾಲ್ಟ್, ಆರ್‌ಸಿ-ಸರ್ವಿಸ್ ಡಾಕರ್ ಸ್ಟಾರ್ಟ್. ಲಾಗ್ ಸಿಗುವುದು /ವಾರ್/ಲಾಗ್/ಡಾಕರ್.ಲಾಗ್‌ನಲ್ಲಿ.

ಡಾಕರ್ ಇನ್ಫೋ ಆಜ್ಞೆಯ ಉತ್ತರದಲ್ಲಿ ಎರಡು ಸಾಲು ನೋಡಿ. ಸಿಗ್ರೂಪ್ ಆವೃತ್ತಿ 2 ಎಂದಿರಬೇಕು. ಸ್ಟೋರೇಜ್ ಡ್ರೈವರ್ ಸಾಲಿನಲ್ಲಿ ಓವರ್‌ಲೇ ಎಂಬ ಹೆಸರಿರಬೇಕು. ಅಲ್ಲಿ ವಿಎಫ್‌ಎಸ್ ಎಂದು ಕಂಡರೆ ಓವರ್‌ಲೇ ಸಿಗದೆ ಡಾಕರ್ ಕೊನೆಯ ಆಸರೆಗೆ ಇಳಿದಿದೆ ಎಂದರ್ಥ. ಕೆಲಸವೇನೋ ನಡೆಯುತ್ತದೆ, ಆದರೆ ಪ್ರತಿ ಪದರಕ್ಕೂ ಪೂರ್ತಿ ನಕಲು ಮಾಡುವುದರಿಂದ ಡಿಸ್ಕ್ ನೋಡನೋಡುತ್ತಲೇ ತುಂಬುತ್ತದೆ.

ಹಲೋ-ವರ್ಲ್ಡ್ ಕಂಟೇನರ್ ಓಡಿಸಿ ಸ್ವಾಗತದ ಸಂದೇಶ ಬಂತೆಂದು ಅಲ್ಲಿಗೇ ನಿಲ್ಲಿಸಬೇಡಿ. ಅದು ಒಂದು ಸಂದೇಶ ಮುದ್ರಿಸಿ ಮುಗಿಯುತ್ತದೆ, ಹೊರಗಿನ ಜಾಲವನ್ನು ಮುಟ್ಟುವುದೇ ಇಲ್ಲ. ಆಲ್ಪೈನ್ ಎಂಬ ಪುಟ್ಟ ಲಿನಕ್ಸ್‌ನ ಇಮೇಜ್‌ನಲ್ಲಿ ಶೆಲ್ ತೆರೆದು ಯಾವುದಾದರೂ ತಾಣಕ್ಕೆ ಡಬ್ಲ್ಯೂಗೆಟ್ ಮಾಡಿ. ಹೆಸರು ವಿಳಾಸವಾಗಿ, ಪುಟ ಇಳಿದರೆ ಮಾಸ್ಕರೇಡ್ ಸರಿಯಿದೆ. ಎಂಜಿನ್‌ಎಕ್ಸ್ ವೆಬ್ ಸರ್ವರ್‌ನ ಇಮೇಜನ್ನು ಯಂತ್ರದ 8080ನೇ ಪೋರ್ಟಿನಿಂದ ಕಂಟೇನರ್‌ನ 80ಕ್ಕೆ ಜೋಡಿಸಿ ಓಡಿಸಿ, ಬ್ರೌಸರ್‌ನಲ್ಲಿ ನೋಡಿ. ಪುಟ ಬಂದರೆ ಒಳಬರುವ ದಾರಿಯೂ ಸರಿ. ಮೆಮೊರಿ ಮಿತಿಯನ್ನು 64 ಎಂಬಿಗೆ ಇಟ್ಟು ಒಂದು ಕಂಟೇನರ್ ಓಡಿಸಿ, ಡಾಕರ್ ಸ್ಟ್ಯಾಟ್ಸ್‌ನಲ್ಲಿ ಅದೇ ಮಿತಿ ಕಾಣುತ್ತದೆಯೇ ನೋಡಿ. ಈ ಮೂರು ನಡೆದರೆ ನೀವು ಮೆನುವಿನಲ್ಲಿ ಗುರುತಿಸಿದ್ದೆಲ್ಲ ಒಂದಕ್ಕೊಂದು ಕೂಡಿಕೊಂಡಿದೆ.

ಪೋರ್ಟ್ ಜೋಡಿಸುವಾಗ ಒಂದು ಎಚ್ಚರಿಕೆ. ಹೀಗೆ ತೆರೆದ ಪೋರ್ಟಿಗೆ ಬರುವ ಪ್ಯಾಕೆಟ್‌ಗಳು ನಿಮ್ಮ ಫೈರ್‌ವಾಲ್‌ನ ಇನ್‌ಪುಟ್ ಚೈನ್ ಮುಟ್ಟದೆ ಫಾರ್ವರ್ಡ್ ಚೈನ್ ಮೂಲಕ ಹೋಗುತ್ತವೆ. ಇನ್‌ಪುಟ್‌ನಲ್ಲಿ ಎಲ್ಲವನ್ನೂ ತಡೆದಿದ್ದೇನೆ ಎಂದು ನಿಶ್ಚಿಂತೆಯಿಂದ ಇದ್ದರೆ ನಿಮ್ಮ ಡೇಟಾಬೇಸ್ ಹೊರಜಗತ್ತಿಗೆ ತೆರೆದೇ ಇರಬಹುದು. ಯಂತ್ರದೊಳಗೆ ಮಾತ್ರ ಬೇಕಾದ ಪೋರ್ಟಿಗೆ ಮುಂದೆ 127.0.0.1 ಎಂದು ಬರೆಯಿರಿ. ಹೊರಗಿನವರಲ್ಲಿ ಕೆಲವರಿಗಷ್ಟೇ ಬಿಡಬೇಕಾದರೆ ಡಾಕರ್-ಯೂಸರ್ ಎಂಬ ಚೈನ್‌ನಲ್ಲಿ ನಿಯಮ ಹಾಕಿ. ಐಪಿಟೇಬಲ್ಸ್ ಸೇವೆಯನ್ನು ಮತ್ತೆ ಚಾಲೂ ಮಾಡಿದರೆ ಡಾಕರ್ ಬರೆದಿದ್ದ ನಿಯಮಗಳು ಅಳಿಸಿಹೋಗುತ್ತವೆ. ಅದರ ಹಿಂದೆಯೇ ಡಾಕರ್ ಸೇವೆಯನ್ನೂ ಮತ್ತೆ ಎಬ್ಬಿಸಬೇಕು.

ಯಾರಿಗೆ ಅಧಿಕಾರ

ಸುಡೊ (ರೂಟ್, ಅಂದರೆ ಮುಖ್ಯ ನಿರ್ವಾಹಕನ ಅಧಿಕಾರದಲ್ಲಿ ಆಜ್ಞೆ ಓಡಿಸುವ ಸಾಧನ) ಇಲ್ಲದೆ ಡಾಕರ್ ಬಳಸಲು ಎಲ್ಲರೂ ಮಾಡುವುದು ತಮ್ಮ ಹೆಸರನ್ನು ಡಾಕರ್ ಗುಂಪಿಗೆ ಸೇರಿಸುವುದು. ಯೂಸರ್‌ಮಾಡ್‌ಗೆ ಎಜಿ ಆಯ್ಕೆ ಕೊಟ್ಟು ಸೇರಿಸಿ, ಲಾಗ್‌ಔಟ್ ಆಗಿ ಬಂದರೆ ಆಯಿತು. ಆದರೆ ಆ ಗುಂಪಿನಲ್ಲಿರುವವರು ಯಂತ್ರದ ಇಡೀ ಫೈಲ್ ವ್ಯವಸ್ಥೆಯನ್ನು ಕಂಟೇನರ್ ಒಳಗೆ ಮೌಂಟ್ ಮಾಡಿಕೊಂಡು ಏನನ್ನು ಬೇಕಾದರೂ ತಿದ್ದಬಲ್ಲರು. ಅಂದರೆ ಅದು ರೂಟ್ ಅಧಿಕಾರವೇ. ನೀವೊಬ್ಬರೇ ಬಳಸುವ ಯಂತ್ರವಾದರೆ ಸರಿ, ಹಲವರು ಹಂಚಿಕೊಳ್ಳುವ ಯಂತ್ರದಲ್ಲಿ ನಾನು ಇದನ್ನು ಒಪ್ಪುವುದಿಲ್ಲ.

ಅಂಥಲ್ಲಿ ಡಾಕರ್ ಬದಲು ಪಾಡ್‌ಮನ್ ಎಂಬ ಕಂಟೇನರ್ ಸಾಧನವನ್ನು ಹಾಕಿ. ಅದಕ್ಕೆ ಸದಾ ಓಡುತ್ತಿರುವ ರೂಟ್ ಸೇವೆ ಬೇಕಿಲ್ಲ, ಸಾಮಾನ್ಯ ಬಳಕೆದಾರರೇ ತಮ್ಮ ಕಂಟೇನರ್ ನಡೆಸಬಹುದು. ಬೇಕಾದದ್ದು ಯೂಸರ್ ನೇಮ್‌ಸ್ಪೇಸ್, ಜೊತೆಗೆ /ಈಟಿಸಿ/ಸಬ್‌ಯುಐಡಿ ಮತ್ತು /ಈಟಿಸಿ/ಸಬ್‌ಜಿಐಡಿ ಫೈಲ್‌ಗಳಲ್ಲಿ ಆ ಬಳಕೆದಾರರ ಹೆಸರಿಗೆ ಒಂದು ಸಂಖ್ಯಾ ವಲಯ: ಹೆಸರು, 100000, 65536, ನಡುವೆ ವಿವರಣ ಚಿಹ್ನೆ (:). ಇನ್ನೊಬ್ಬರಿಗೆ ಕೊಡುವಾಗ ವಲಯಗಳು ಒಂದರ ಮೇಲೊಂದು ಬೀಳದಂತೆ ನೋಡಿಕೊಳ್ಳಿ. ಓಪನ್‌ಆರ್‌ಸಿಯಲ್ಲಿ ಮೂಲ ಡೈರೆಕ್ಟರಿ ಶೇರ್ಡ್ ಮೌಂಟ್ ಅಲ್ಲ ಎಂಬ ಎಚ್ಚರಿಕೆ ಕಾಣಿಸಿಕೊಳ್ಳಬಹುದು. ಮೌಂಟ್ ಆಜ್ಞೆಗೆ ಮೇಕ್-ಆರ್‌ಶೇರ್ಡ್ ಆಯ್ಕೆ ಕೊಟ್ಟು ಮೂಲ ಡೈರೆಕ್ಟರಿಯನ್ನು ಹೆಸರಿಸಿದರೆ ಅದು ನಿಲ್ಲುತ್ತದೆ. ಪ್ರತಿ ಬೂಟಿಗೂ ಆಗಬೇಕಾದರೆ /ಈಟಿಸಿ/ಲೋಕಲ್.ಡಿ ಒಳಗೆ .ಸ್ಟಾರ್ಟ್ ಎಂದು ಕೊನೆಯಾಗುವ ಸ್ಕ್ರಿಪ್ಟ್‌ನಲ್ಲಿ ಬರೆದು, ಚಲಾಯಿಸುವ ಅನುಮತಿ ಕೊಡಿ.

ನವೀಕರಣದ ದಿನ

ಎಲ್ಲ ಚೆನ್ನಾಗಿ ನಡೆಯುತ್ತಿದ್ದ ಯಂತ್ರದಲ್ಲಿ ಒಂದು ದಿನ ಹೊಸ ಕಂಟೇನರ್ ಏಳುವುದಿಲ್ಲ. ವೆತ್ ಜೋಡಿಯನ್ನು ಸೇರಿಸಲಾಗಲಿಲ್ಲ, ಈ ಕಾರ್ಯಕ್ಕೆ ಬೆಂಬಲವಿಲ್ಲ ಎಂಬ ದೋಷ ಬರುತ್ತದೆ. ಸಂರಚನೆ ತೆರೆದು ನೋಡಿದರೆ ವೆತ್ ಆಯ್ಕೆ ಇದ್ದೇ ಇದೆ. ಆಗ ಯುನೇಮ್ ಆಜ್ಞೆಗೆ ಆರ್ ಆಯ್ಕೆ ಕೊಟ್ಟು ಓಡುತ್ತಿರುವ ಆವೃತ್ತಿಯನ್ನು ನೋಡಿ, /ಲಿಬ್/ಮಾಡ್ಯೂಲ್ಸ್ ಒಳಗೆ ಅದೇ ಹೆಸರಿನ ಡೈರೆಕ್ಟರಿ ಇದೆಯೇ ಎಂದು ಹುಡುಕಿ. ಇರುವುದಿಲ್ಲ. ಕರ್ನಲ್ ಪ್ಯಾಕೇಜ್ ನವೀಕರಿಸಿ, ಡೆಪ್‌ಕ್ಲೀನ್ (ಬೇಡವಾದ ಹಳೆಯ ಪ್ಯಾಕೇಜ್‌ಗಳನ್ನು ತೆಗೆಯುವ ಆಯ್ಕೆ) ಓಡಿಸಿ, ರೀಬೂಟ್ ಮಾಡದೆ ಬಿಟ್ಟಾಗ ಹೀಗಾಗಬಹುದು: ಹಳೆಯ ಕರ್ನಲ್ ಇನ್ನೂ ಓಡುತ್ತಿದೆ, ಅದರ ಮಾಡ್ಯೂಲ್‌ಗಳು ಡಿಸ್ಕ್‌ನಿಂದ ಹೋಗಿವೆ. ಮೊದಲೇ ಲೋಡ್ ಆಗಿದ್ದವು ಕೆಲಸ ಮಾಡುತ್ತಿರುತ್ತವೆ, ಹೊಸದಾಗಿ ಬೇಕಾದದ್ದು ಸಿಗುವುದಿಲ್ಲ. ರೀಬೂಟ್ ಮಾಡಿದರೆ ಸರಿಹೋಗುತ್ತದೆ. ಹೊಸ ಕರ್ನಲ್‌ಗೆ ಬೂಟ್ ಆಗಿ ಕಂಟೇನರ್ ಎದ್ದದ್ದನ್ನು ನೋಡಿದ ಮೇಲಷ್ಟೇ ಡೆಪ್‌ಕ್ಲೀನ್ ಮಾಡುವ ಕ್ರಮ ಇಟ್ಟುಕೊಳ್ಳಿ. ವೆತ್, ಬ್ರಿಡ್ಜ್, ಓವರ್‌ಲೇ ಮೂರನ್ನೂ ಮಾಡ್ಯೂಲ್ ಮಾಡದೆ ಕರ್ನಲ್ ಒಳಗೇ ಕಟ್ಟುವುದು ಸರ್ವರ್‌ಗಳಲ್ಲಿ ನಾನು ಅನುಸರಿಸುವ ದಾರಿ.

ಗೋ ನವೀಕರಣವಾದಾಗ ಇನ್ನೊಂದು ಕೆಲಸವಿದೆ. ಗೋ ಪ್ರೋಗ್ರಾಂಗಳು ತಮಗೆ ಬೇಕಾದ ಲೈಬ್ರರಿಗಳನ್ನು ತಮ್ಮೊಳಗೇ ಸೇರಿಸಿಕೊಂಡು ಕಂಪೈಲ್ ಆಗುತ್ತವೆ. ಗೋದ ಲೈಬ್ರರಿಯಲ್ಲಿ ಒಂದು ಭದ್ರತಾ ದೋಷ ತಿದ್ದುಪಡಿಯಾದರೂ ನಿಮ್ಮ ಡಾಕರ್, ಕಂಟೇನರ್‌ಡಿ, ರನ್‌ಸಿಗಳಲ್ಲಿ ಹಳೆಯದೇ ಉಳಿದಿರುತ್ತದೆ. ಪೋರ್ಟೇಜ್‌ನಲ್ಲಿ ಇದಕ್ಕೆಂದೇ ಗೋಲ್ಯಾಂಗ್-ರೀಬಿಲ್ಡ್ ಎಂಬ ಸೆಟ್ ಇದೆ. ಹೆಸರಿನ ಮುಂದೆ ಅಟ್ ಚಿಹ್ನೆ ಹಾಕಿ ಎಮರ್ಜ್‌ಗೆ ಕೊಟ್ಟರೆ ಗೋದಲ್ಲಿ ಕಟ್ಟಿದ ಎಲ್ಲವನ್ನೂ ಹೊಸ ಕಂಪೈಲರ್‌ನಿಂದ ಮತ್ತೆ ಕಟ್ಟುತ್ತದೆ. ಅದು ಮುಗಿದ ಮೇಲೆ ಡಾಕರ್ ಸೇವೆಯನ್ನು ಮತ್ತೆ ಚಾಲೂ ಮಾಡಿ. ಅಲ್ಲಿಯವರೆಗೆ ಓಡುತ್ತಿರುವುದು ಹಳೆಯ ಬೈನರಿಯೇ.